57 ಸುರಂಗ, 59 ಮಣಿ: ಮಕ್ಕಳನ್ನ ಕಟ್ಕೊಂಡು ಅತ್ತೂರಿಗೆ ಹೋಗಿಬಂದಿದ್ದು

ಕಾರ್ಕಳ ಹತ್ರದ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋಗ್ಬೇಕು ಅಂತ ಎರಡು ವರ್ಷದಿಂದ ಅನ್ಕೋತಾನೇ ಇದ್ವಿ, ಒಂದ್ಸಲ ನಮ್ಮನೆಯವ್ರಿಗೆ ರಜೆ ಸಿಗ್ಲಿಲ್ಲ, ಒಂದ್ಸಲ ಟಿಕೆಟ್ ಮಾಡಿಸಿ ಆದ್ಮೇಲೆ ಮಗಳು ಚಿನ್ನಿಗೆ ಜ್ವರ ಬಂತು, ಇನ್ನೊಂದ್ಸಲ ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ಟ್ರೈನೇ ಕ್ಯಾನ್ಸಲ್ ಆಯ್ತು. ಅಷ್ಟರಲ್ಲಿ ಚಿಕ್ಕ ಮಗ ಪಾಪುಗೆ ಎರಡು ತುಂಬಿ ಮೇಲೆ ಎರಡು ತಿಂಗಳಾಯ್ತು. ಮೈಸೂರಿಂದ ನಮ್ಮತ್ತೆ ಪ್ರತಿ ಭಾನುವಾರ ಚರ್ಚಲ್ಲಿ ಪೂಜೆ ಮುಗಿಸಿ ಬಂದು ಫೋನ್ ಮಾಡೋರು, ಎಲ್ಲಾ ವಿಚಾರ ಮಾತಾಡಿ ಕೊನೆಗೆ ಇಡೋ ಮುಂಚೆ "ಹರಕೆ ಬಾಕಿ ಇದೆ ಕಣಮ್ಮ" ಅನ್ನೋರು.

ಹರಕೆ ಪಾಪುದೇ. ಅವನು ಎಂಟು ತಿಂಗಳಿಗೇ ಹುಟ್ಟಿದ್ದು, ತೂಕ ಒಂದು ಕೆಜಿ ಆರ್ನೂರು ಗ್ರಾಂ, ಉಸಿರಾಟ ಸರಿ ಇಲ್ಲ ಅಂತ 26 ದಿನ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ರು. ಮೂಗಿಗೆ ಟ್ಯೂಬು, ಎದೆ ಮೇಲೆ ವೈರು. ನಾನು ಹೊರಗಿನ ಬೆಂಚಲ್ಲಿ ಕೂತು ಅವನ ಎದೆ ಏಳೋದು ಇಳಿಯೋದು ಎಣಿಸ್ತಿದ್ದೆ, ಎಣಿಸೋದು ನಿಲ್ಲಿಸಿದ್ರೆ ಏನಾದ್ರೂ ಆಗಿಬಿಡುತ್ತೇನೋ ಅನ್ನೋ ಭಯ. ಆಗ ಅತ್ತೆ ಆಸ್ಪತ್ರೆ ಕಾರಿಡಾರಲ್ಲೇ ಮಂಡಿಯೂರಿ "ಸಂತ ಲಾರೆನ್ಸರೇ, ಈ ಮಗು ಉಸಿರು ನೆಟ್ಟಗಾದ್ರೆ ಸಾಕು, ನಿಮ್ಮ ಹತ್ರ ಕರ್ಕೊಂಡ್ ಬಂದು ಮೇಣದಬತ್ತಿ ಹಚ್ಚಿಸ್ತೀವಿ" ಅಂತ ಹೇಳ್ಕೊಂಡ್ರು. ಆ ಮೇಣದಬತ್ತಿನೂ ಅವ್ರೇ ತಂದುಕೊಟ್ರು, ನ್ಯೂಸ್ ಪೇಪರಲ್ಲಿ ಸುತ್ತಿ ದಾರ ಕಟ್ಟಿದ್ದು, ಅವತ್ತಿಂದ ಅದು ನಮ್ಮನೆ ಆಲ್ಟರ್ (ದೇವರ ಪೀಠ) ಪಕ್ಕದ ಗೂಡಲ್ಲೇ ಇತ್ತು.

ಪ್ರಯಾಣದ ಕಥೆ ಹೇಳೋ ಮುಂಚೆ ನಮ್ಮನೆ ರಾತ್ರಿ ಹೇಗಿರುತ್ತೆ ಅಂತ ಹೇಳ್ಬೇಕು, ಯಾಕಂದ್ರೆ ಅದನ್ನೂ ಜೊತೇಲೇ ಹೊತ್ಕೊಂಡು ಹೋಗಿದ್ವಿ. ಊಟ ಮುಗಿಸಿ ಎಂಟೂವರೆಗೆ ಜಪಸರ, ಅಂದ್ರೆ ಮಣಿ ಸರ ಹಿಡಿದು ಮಾತೆ ಮರಿಯಳಿಗೆ ಮಾಡೋ ಪ್ರಾರ್ಥನೆ. ಮದುವೆಯಾದ ಹೊಸದ್ರಲ್ಲಿ ಐದು ರಹಸ್ಯಾನೂ, ಅಂದ್ರೆ ಐದು ಭಾಗಾನೂ, ಹೇಳ್ತಿದ್ವಿ, ಈಗ ಒಂದೇ, ಹತ್ತು ಮಣಿ, ಅಷ್ಟಕ್ಕೇ ಮಕ್ಕಳು ಮೂರು ಸಲ ಎದ್ದು ಓಡ್ತಾರೆ. ದೀಪ ಹಚ್ಚೋದು ಚಿನ್ನಿ ಕೆಲಸ, ಇವ್ರು ಕೈ ಹಿಡಿದು ಹಚ್ಚಿಸ್ತಾರೆ. ಪಾಪುಗೆ ಶಿಲುಬೆ ಗುರುತು ಮಾಡೋಕೆ ಬರೋದು ಹಣೆ ಆದ್ಮೇಲೆ ನೇರ ಹೊಟ್ಟೆಗೆ, ಭುಜಕ್ಕೆ ಕೈ ಹೋಗೋದೇ ಇಲ್ಲ. ಆಮೆನ್ ಅನ್ನೋಕೆ ಆಗಲ್ಲ, "ಆಮೆ" ಅಂತಾನೆ. ಮಣಿಗೊಂದು ಹೇಳೋ ನಮೋ ಮರಿಯಾ ಪ್ರಾರ್ಥನೆ ಪ್ರತಿ ಸಲ ಮುಗಿದಾಗ್ಲೂ ಜೋರಾಗಿ "ಆಮೆ!" ಚಿನ್ನಿ ತಿದ್ದೋಕೆ ಹೋಗ್ತಾಳೆ, ನಾನು ಬೇಡ ಬಿಡು ಅಂತೀನಿ.

ಯಶವಂತಪುರದಿಂದ ಹಗಲು ಟ್ರೈನೇ ಹಿಡಿದ್ವಿ. ರಾತ್ರಿ ಬಸ್ಸಲ್ಲಿ ಹೋದ್ರೆ ಬೇಗ ಅಂತ ಎಲ್ರೂ ಹೇಳಿದ್ರು, ಆದ್ರೆ ಬಸ್ಸಲ್ಲಿ ಘಾಟಿ ತಿರುವಿಗೆ ಚಿನ್ನಿ ವಾಂತಿ ಮಾಡ್ಕೋತಾಳೆ, ಮತ್ತೆ ಇವ್ರಿಗೆ ಮಕ್ಕಳಿಗೆ ಸುರಂಗ ತೋರಿಸೋ ಆಸೆ. ಹಾಸನದವರೆಗೆ ಏನೂ ವಿಶೇಷ ಇಲ್ಲ, ಇಡ್ಲಿ ಡಬ್ಬಿ ಖಾಲಿ ಆಯ್ತು, ಹಾಲಿನ ಫ್ಲಾಸ್ಕ್ ಮುಚ್ಚಳ ಸರಿಯಾಗಿ ಕೂರದೆ ಬ್ಯಾಗೊಳಗೆ ಚೆಲ್ಲಿ ಪಾಪುದು ಎರಡು ಜೊತೆ ಬಟ್ಟೆ ಒದ್ದೆ, ಎದುರು ಸೀಟಿನ ಅಜ್ಜಿ ಅದನ್ನ ಕಿಟಕಿ ಸರಳಿಗೆ ಹಾಕಿ ಒಣಗಿಸಿಕೊಟ್ರು.

ಸಕಲೇಶಪುರ ದಾಟಿದ ಮೇಲೆ ಇನ್ನೊಂದು ಲೋಕಾನೇ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, ಅದರಲ್ಲಿ 57 ಸುರಂಗ. 1979ರಲ್ಲಿ ಮೀಟರ್ ಗೇಜ್ ಲೈನ್ ಆಗಿ ಶುರುವಾಗಿದ್ದು, ಆಮೇಲೆ ಬ್ರಾಡ್ ಗೇಜ್ ಮಾಡೋಕೆ ಅಂತ ವರ್ಷಗಟ್ಟಲೆ ಮುಚ್ಚಿ 2007ರಲ್ಲಿ ಪ್ಯಾಸೆಂಜರ್ ಟ್ರೈನ್ ಮತ್ತೆ ಬಿಟ್ರು. ಇಳಿಜಾರು ಎಷ್ಟು ಕಡಿದು ಅಂದ್ರೆ 50 ಅಡಿ ಮುಂದೆ ಹೋದ್ರೆ ಒಂದಡಿ ಕೆಳಗೆ, ಹಾಗಾಗಿ ಟ್ರೈನು ಬ್ರೇಕ್ ಹಿಡ್ಕೊಂಡೇ ನಿಧಾನಕ್ಕೆ ಇಳಿಯುತ್ತೆ, ಅದು ಮಕ್ಕಳಿಗೆ ಚೆನ್ನಾಗಿ ಅನುಕೂಲ ಆಯ್ತು. ಒಂದು ಕಡೆ ಬಂಡೆ, ನೀರು ಜಿನುಗ್ತಾ ಇರುತ್ತೆ, ಇನ್ನೊಂದು ಕಡೆ ಕೆಳಗೆ ನೋಡಿದ್ರೆ ಬರೀ ಕಾಡಿನ ನೆತ್ತಿ.

ಮೊದಲ್ನೇ ಸುರಂಗಕ್ಕೆ ಪಾಪು ಕಿರುಚಿ ನನ್ನ ಕುತ್ತಿಗೆಗೆ ನೇತಾಕ್ಕೊಂಡ. ಎರಡನೇದಕ್ಕೆ ಕಣ್ಣು ಮುಚ್ಕೊಂಡ. ನಾಲ್ಕೋ ಐದೋ ಆದ್ಮೇಲೆ ಬೆಳಕು ಬಂದ ತಕ್ಷಣ ಅವನೇ "ಆಮೆ!" ಅಂದ. ಅವನಿಗೆ ಗೊತ್ತಿರೋದು ಅಷ್ಟೇ, ಏನಾದ್ರೂ ಮುಗೀತು ಅಂದ್ರೆ ಆಮೆ. ಇಡೀ ಬೋಗಿ ಮಕ್ಕಳು ಸುರಂಗದಲ್ಲಿ ಕೂಗೋದು, ಇವನು ಹೊರಗೆ ಬಂದ್ಮೇಲೆ ಕೂಗೋದು.

ಚಿನ್ನಿ ಎಣಿಸ್ತೀನಿ ಅಂತ ಹೊರಟಳು. ಅವಳಿಗೆ ಐದು ವರ್ಷ, ಇಪ್ಪತ್ತೊಂಬತ್ತರವರೆಗೆ ಸರಾಗ, ಆಮೇಲೆ "ಇಪ್ಪತ್ ಹತ್ತು, ಇಪ್ಪತ್ ಹನ್ನೊಂದು" ಅಂತ ಶುರುವಾಗಿ ಅವಳಿಗೇ ಏನೋ ತಪ್ಪಿದೆ ಅನ್ಸಿ ಅಳು ಬಂದುಬಿಡುತ್ತೆ. ಎಂಟು ಸುರಂಗ ಆಗೋದ್ರಲ್ಲಿ ಇವ್ರು ಜೇಬಿಂದ ಜಪಸರ ತೆಗೆದು ಅವಳ ಕೈಗೆ ಕೊಟ್ಟು, ಎಂಟು ಮಣಿ ಸರಿಸಿ, "ಒಂದು ಸುರಂಗಕ್ಕೆ ಒಂದು ಮಣಿ, ಎಣಿಸೋದೇ ಬೇಡ, ಮಣಿ ಹಿಡ್ಕೊಂಡಿದ್ರೆ ಸಾಕು" ಅಂದ್ರು. ನಾನು ಆಗಲೇ ಲೆಕ್ಕ ಹಾಕಿ ನೋಡಿದ್ದು, ಶಿಲುಬೆ ಹತ್ತಿರದ್ದೂ ಸೇರಿದ್ರೆ ಜಪಸರದಲ್ಲಿ 59 ಮಣಿ. 57 ಸುರಂಗ, 59 ಮಣಿ, ಅಂದ್ರೆ ಎರಡೇ ಎರಡು ಮಿಗುತ್ತೆ! ನಂಗೆ ಮೈ ಜುಮ್ ಅಂತು, ಇವ್ರಿಗೆ ಹೇಳಿದ್ರೆ ಇವ್ರೂ ಒಂದ್ಸಲ ಬೆರಳಲ್ಲಿ ಎಣಿಸಿ ನೋಡಿದ್ರು.

ಆಮೇಲಿಂದ ಕತ್ತಲಾದಾಗೆಲ್ಲ ಇವ್ರು ಅವಳ ಕಿವೀಲಿ ಒಂದು ನಮೋ ಮರಿಯಾ ಹೇಳೋರು, ಚಿಕ್ಕ ಸುರಂಗದಲ್ಲಿ ಅರ್ಧಕ್ಕೇ ಬೆಳಕು ಬರೋದು, ಉದ್ದದ್ರಲ್ಲಿ ಎರಡೂ ಆಗೋದು. ಮನೇಲಿ ಹತ್ತು ಮಣಿಗೆ ಕೂರದ ಹುಡುಗಿ ನಲ್ವತ್ತೊಂದರವರೆಗೆ ಅಲ್ಲಾಡ್ಲಿಲ್ಲ. ನಡುವೆ ಟಾಯ್ಲೆಟ್‌ಗೆ ಹೋದಾಗ ಮೂರೋ ನಾಲ್ಕೋ ತಪ್ಪಿಹೋಯ್ತು, ಎಡಕುಮೇರಿ ಸ್ಟೇಷನ್ ಆದ್ಮೇಲೆ ಮಣಿ ಹಿಡ್ಕೊಂಡೇ ಇವ್ರ ತೊಡೆ ಮೇಲೆ ನಿದ್ದೆ ಹೋದ್ಲು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಅವಳು ಬಿಟ್ಟಿದ್ದ ಮಣಿಗೆ ಇವ್ರು ಕೆಂಪು ದಾರ ಸುತ್ತಿಟ್ರು, ಎದ್ದ ತಕ್ಷಣ ಕೇಳ್ತಾಳೆ ಅಂತ. ಕೇಳಿದ್ಲು. ಸುರಂಗ ಎಲ್ಲಾ ಮುಗೀತು ಅಂದಾಗ ಪುತ್ತೂರು ಬರೋವರೆಗೂ ಅತ್ತಳು.

ಮಂಗಳೂರಲ್ಲಿ ಮಾರನೇ ದಿನ ಬೆಳಿಗ್ಗೆ ಸಂತ ಅಲೋಶಿಯಸ್ ಚಾಪೆಲ್ ನೋಡೋಕೆ ಹೋದ್ವಿ, ಲೈಟ್‌ಹೌಸ್ ಹಿಲ್ ಮೇಲೆ ಕಾಲೇಜಿನ ಪಕ್ಕದಲ್ಲೇ ಇದೆ. ಹೊರಗಿಂದ ನೋಡಿದ್ರೆ ಒಳಗೆ ಇಷ್ಟಿದೆ ಅಂತ ಗೊತ್ತೇ ಆಗಲ್ಲ. ಗೋಡೆ, ಕಮಾನು, ಸೂರು ಎಲ್ಲಾ ಕಡೆ ಚಿತ್ರ, ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ. ಇಟಲಿಯಿಂದ ಬಂದ ಯೇಸುಸಭೆಯ (ಜೆಸ್ವಿಟ್ ಸನ್ಯಾಸಿಗಳ ಸಂಘ) ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿ ಎರಡು ಮೂರು ವರ್ಷದಲ್ಲಿ ಮುಗಿಸಿದ್ದು. ಗೋಡೆ ಮೇಲಿನವು ಫ್ರೆಸ್ಕೊ, ಅಂದ್ರೆ ಗೋಡೆಗೆ ಗಾರೆ ಬಳಿದು ಅದು ಹಸಿ ಇರೋವಾಗಲೇ ಬಣ್ಣ ಹಚ್ಚಿಬಿಡ್ಬೇಕು, ಒಣಗಿದ್ರೆ ಆಗಲ್ಲ. ಅವತ್ತಿನ ಗಾರೆ ಅವತ್ತೇ. ಕರಾವಳಿ ಸೆಕೆಯಲ್ಲಿ ಅಟ್ಟಣಿಗೆ ಹತ್ತಿ ದಿನಗಟ್ಟಲೆ ಆ ಮನುಷ್ಯ ಅದನ್ನ ಮಾಡಿದಾರೆ. 1905ರಲ್ಲಿ ಕೊಚ್ಚಿಯಲ್ಲಿ ತೀರ್ಕೊಂಡ್ರು, ಆಗ ಅವ್ರಿಗೆ ಐವತ್ತೊಂದು ವರ್ಷ ಅಷ್ಟೆ.

ದೊಡ್ಡೋರು ನಾವು ನಿಂತು ಕತ್ತು ನೋಯಿಸ್ಕೊಳ್ತಿದ್ರೆ ಪಾಪು ಹೋಗಿ ಬೆಂಚ್ ಮೇಲೆ ಅಂಗಾತ ಮಲಗಿಬಿಟ್ಟ. ಅದೇ ಸರಿಯಾದ ರೀತಿ ನೋಡಿ, ಸೂರು ಪೂರ್ತಿ ಕಾಣ್ಸುತ್ತೆ. ಅಲ್ಲಿದ್ದೋರು ಯಾರೂ ಏನೂ ಅನ್ಲಿಲ್ಲ. ಸೂರಲ್ಲಿರೋದು ಸಂತ ಅಲೋಶಿಯಸ್ ಗೊನ್ಸಾಗರ ಜೀವನ, ಶ್ರೀಮಂತರ ಮನೆ ಹುಡುಗ, ಎಲ್ಲಾ ಬಿಟ್ಟು ಯೇಸುಸಭೆ ಸೇರಿ ರೋಮಿನಲ್ಲಿ ಪ್ಲೇಗ್ ಬಂದೋರ ಸೇವೆ ಮಾಡ್ತಾ 1591ರಲ್ಲಿ ಇಪ್ಪತ್ಮೂರನೇ ವಯಸ್ಸಿಗೆ ಹೋಗಿಬಿಟ್ರು. ಚಿನ್ನಿಗೆ ಇವ್ರು ಇದನ್ನೆಲ್ಲಾ ಹೇಳ್ತಿದ್ರೆ ಅವಳು "ಅವ್ರ ಅಮ್ಮ ಅತ್ರಾ?" ಅಂತ ಕೇಳಿದ್ಲು. ನಂಗೆ ಆ ಪ್ರಶ್ನೆ ಬಂದಿರ್ಲೇ ಇಲ್ಲ. ಸಾಯಂಕಾಲ ಪಣಂಬೂರು ಬೀಚು, ಮರಳು, ಅಳು, ಸ್ನಾನ, ನಿದ್ದೆ.

ಭಾನುವಾರ ಬೆಳಿಗ್ಗೆ ಕತ್ತಲಿರುವಾಗಲೇ ಕಾರು ಮಾಡ್ಕೊಂಡು ಹೊರಟ್ವಿ, ಮೂಡುಬಿದಿರೆ ಮೇಲೆ ಕಾರ್ಕಳ, ಅಲ್ಲಿಂದ ಅತ್ತೂರು ಹತ್ರಾನೇ. ಜನವರಿ ಜಾತ್ರೆಗೆ ಐದು ದಿನ ಲಕ್ಷಗಟ್ಟಲೆ ಜನ ಸೇರ್ತಾರೆ, ಎಲ್ಲಾ ಧರ್ಮದೋರೂ ಬರ್ತಾರೆ, ಕೈಕೂಸು ಇದ್ದೋರು ಜಾತ್ರೆ ಬಿಟ್ಟು ಬೇರೆ ದಿನ ಹೋಗೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. 1759ರಿಂದ ಇರೋ ಧರ್ಮಕೇಂದ್ರ. 1784ರಲ್ಲಿ ಟಿಪ್ಪು ಕರಾವಳಿ ಕ್ರೈಸ್ತರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಹಳೇ ಚರ್ಚು ಹಾಳಾಯ್ತು, ಬಿಡುಗಡೆಯಾಗಿ ಬಂದೋರು ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆ ಹಿಡ್ಕೊಂಡು ಹೊಸ ಚರ್ಚಿಗೆ ಜಾಗ ಹುಡುಕ್ತಾ ಬರ್ತಿದ್ರಂತೆ, ಒಂದು ನೀರಿನ ಒರತೆ ಹತ್ರ ಇಳಿಸಿದ್ದು ಮತ್ತೆ ಎತ್ತೋಕೇ ಆಗ್ಲಿಲ್ವಂತೆ, ಅಲ್ಲೇ ಚರ್ಚು ಕಟ್ಟಿದ್ರು ಅಂತ ಹಿಂದಿನಿಂದ ಹೇಳ್ಕೊಂಡು ಬಂದಿದಾರೆ. 2016ರಲ್ಲಿ ಬಸಿಲಿಕ, ಅಂದ್ರೆ ಪೋಪ್ ಕಡೆಯಿಂದ ವಿಶೇಷ ಗೌರವ ಪಡೆದ ಚರ್ಚು, ಅಂತ ಘೋಷಣೆ ಆಯ್ತು. ಆ ಒರತೆಯ ಪುಷ್ಕರಿಣಿ ಈಗಲೂ ಪಕ್ಕದಲ್ಲೇ ಇದೆ.

ಪೂಜೆ ಕೊಂಕಣಿಯಲ್ಲಿ. ನಮಗೆ ಭಾಷೆ ಬರಲ್ಲ, ಆದ್ರೂ ಎಲ್ಲಿ ಏಳ್ಬೇಕು ಎಲ್ಲಿ ಮಂಡಿಯೂರ್ಬೇಕು ಅನ್ನೋದು ಮೈಗೇ ಗೊತ್ತಿರುತ್ತೆ. ಫಾದರ್ ಪ್ರಸಂಗದ (ಉಪದೇಶದ) ಹೊತ್ತಿಗೆ ಪಾಪು ರಂಪ ಶುರುಮಾಡಿದ, ನಾನು ಎತ್ಕೊಂಡು ಹೊರಗೆ ಬಂದು ಬಾಗಿಲ ಹತ್ರ ನಿಂತೇ ಮುಕ್ಕಾಲು ಪೂಜೆ ಕೇಳಿದೆ. ಎರಡು ವರ್ಷದಿಂದ ನನ್ನ ಪೂಜೆ ಎಲ್ಲಾ ಬಾಗಿಲ ಹತ್ರಾನೇ, ಸತ್ಪ್ರಸಾದಕ್ಕೆ ಇವ್ರು ಹೋಗಿಬಂದು ಮಗು ಹಿಡ್ಕೊಂಡ್ಮೇಲೆ ನಾನು ಓಡೋದು. ಸಣ್ಣ ಮಕ್ಕಳಿರೋ ಎಲ್ಲಾ ತಾಯಂದ್ರೂ ಅಲ್ಲೇ ಇರ್ತಾರೆ, ಅತ್ತೂರಲ್ಲೂ ನಾವು ಐದಾರು ಜನ ಇದ್ವಿ, ಮಾತಿಲ್ಲದೆ ಒಬ್ರ ಮಗುಗೆ ಇನ್ನೊಬ್ರು ಬಿಸ್ಕತ್ ಕೊಟ್ಕೊಂಡು.

ಪೂಜೆ ಆದ್ಮೇಲೆ ಮೇಣದಬತ್ತಿ ಹಚ್ಚೋ ಜಾಗಕ್ಕೆ ಹೋದ್ವಿ. ಮೇಣ ಕರಗಿ ಕರಗಿ ಕಂಬಿಯೆಲ್ಲಾ ದಪ್ಪ ಆಗಿತ್ತು, ಕಾಲ ಕೆಳಗೂ ಜಾರುತ್ತೆ. ಪೇಪರ್ ಬಿಚ್ಚಿದ್ರೆ ಎರಡು ವರ್ಷದಲ್ಲಿ ಮೇಣದ ಮೇಲೆ ನ್ಯೂಸ್ ಅಕ್ಷರ ಉಲ್ಟಾ ಅಚ್ಚಾಗಿತ್ತು. ಇವ್ರು ಪಾಪುನ ಎತ್ಕೊಂಡು ಅವನ ಕೈ ಹಿಡಿದು ಹಚ್ಚಿಸಿದ್ರು, ಚಿನ್ನಿ ಕೈ ಮುಗಿದು ನಿಂತಿದ್ಲು, ನಾನು ಕಣ್ಣು ಮುಚ್ಚಿ ಅತ್ತೆ ಹೇಳಿಕೊಟ್ಟಿದ್ದ ಪ್ರಾರ್ಥನೆ ಶುರುಮಾಡಿದೆ.

ಫೂ ಅಂತ ಸದ್ದು.

ಕಣ್ಣು ಬಿಟ್ರೆ ಬತ್ತಿ ಆರಿದೆ, ಹೊಗೆ ಏಳ್ತಿದೆ, ಪಾಪು ಚಪ್ಪಾಳೆ ತಟ್ತಿದಾನೆ. ಅವನಿಗೆ ಮೇಣದಬತ್ತಿ ಅಂದ್ರೆ ಬರ್ತ್‌ಡೇ, ಎರಡು ತಿಂಗಳ ಹಿಂದೆ ತಾನೇ ಊದಿಸಿದ್ವಿ. ನನ್ನ ಎದೆ ಧಸಕ್ ಅಂತು, ಹರಕೆ ಬತ್ತಿ ಆರಬಾರದು ಅನ್ನೋದು ಚಿಕ್ಕಂದಿನಿಂದ ತಲೇಲಿ ಕೂತಿರುತ್ತಲ್ಲ. ಬೆಂಕಿಪೊಟ್ಟಣ ಹುಡುಕ್ತಿದ್ರೆ ಕೈ ನಡುಗ್ತಿತ್ತು. ಪಕ್ಕದಲ್ಲಿ ಕುಂಕುಮ ಇಟ್ಕೊಂಡು ಮಲ್ಲಿಗೆ ಮುಡಿದಿದ್ದ ಒಬ್ರು ಹಿರಿಯರು ತಮ್ಮ ಬತ್ತಿ ಮುಂದಕ್ಕೆ ಬಾಗಿಸಿ "ಎಂತ ಆಗುದಿಲ್ಲಮ್ಮ, ಇದ್ರಿಂದ ಹಚ್ಚಿ" ಅಂದ್ರು. ಹಚ್ಚಿದ್ವಿ. ಪಾಪು ಮತ್ತೆ ಕೆನ್ನೆ ಉಬ್ಬಿಸಿ ಊದಿದ. ಮೂರನೇ ಸಲ ಹಚ್ಚಿ ಇವ್ರು ಅವನನ್ನ ದೂರ ಕರ್ಕೊಂಡು ಹೋದ್ಮೇಲೇ ಅದು ಉರೀತು.

ಅತ್ತೆಗೆ ವೀಡಿಯೊ ಕಾಲ್ ಮಾಡಿ ಬತ್ತಿ ತೋರಿಸಿದ್ವಿ. ಹೇಳ್ದೆ ಇರೋಕಾಗ್ಲಿಲ್ಲ, ಅತ್ತೆ ಹೀಗಾಯ್ತು, ಎರಡು ಸಲ ಆರಿಸಿಬಿಟ್ಟ ಅಂದೆ. ಬೇಜಾರು ಮಾಡ್ಕೋತಾರೆ ಅಂತ ಭಯ. ಅವ್ರು ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ.

"ಅವನೇ ಊದಿದ್ನಾ?"

"ಹೂಂ ಅತ್ತೆ."

"ದೂರದಿಂದಾನಾ?"

"ಒಂದು ಮೊಳ ದೂರ ಇತ್ತು."

ಅವ್ರು ಸೆರಗಿಂದ ಬಾಯಿ ಮುಚ್ಕೊಂಡ್ರು. ಆವಾಗ ನಂಗೂ ಹೊಳೀತು, ಆ ಟ್ಯೂಬು, ಆ ಪೆಟ್ಟಿಗೆ, ನಾನು ಬೆಂಚಲ್ಲಿ ಕೂತು ಎಣಿಸ್ತಿದ್ದ ಆ ಉಸಿರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ, ಚಿನ್ನಿ ಬಂದು ನನ್ನ ಕೈಯಲ್ಲಿ ಅರ್ಧ ತಿಂದ ಬಿಸ್ಕತ್ ಇಟ್ಲು.

ಕಾರ್ಕಳದಲ್ಲಿ ಗೊಮ್ಮಟನ್ನೂ ನೋಡ್ಬೇಕಿತ್ತು, 42 ಅಡಿ, 1432ರದ್ದು, ಆದ್ರೆ ಕಾರು ಹತ್ತೋದ್ರೊಳಗೆ ಇಬ್ರೂ ಮಲಗಿಬಿಟ್ರು, ಬಿಸಿಲೂ ಏರಿತ್ತು, ಇನ್ನೊಂದ್ಸಲ ಅಂತ ಬಂದುಬಿಟ್ವಿ.

ವಾಪಸ್ ರಾತ್ರಿ ಟ್ರೈನು. ಮಲಗೋ ಮುಂಚೆ ಚಿನ್ನಿ ಜಪಸರನ ಇವ್ರ ಕೈಗೆ ಕೊಟ್ಟು, ಕೆಂಪು ದಾರದ ಮಣಿ ತೋರಿಸಿ, "ಉಳಿದಿದ್ದು ನೀವೇ ಮಾಡ್ಬೇಕಪ್ಪ, ಮಲಗ್ಬಾರ್ದು" ಅಂದ್ಲು. ಸುಬ್ರಹ್ಮಣ್ಯ ರೋಡ್ ಬಿಟ್ಟಾಗ ನಂಗೆ ಎಚ್ಚರ ಆಯ್ತು. ರಾತ್ರಿ ಸುರಂಗ ಕಣ್ಣಿಗೆ ಕಾಣಲ್ಲ, ಸದ್ದಲ್ಲೇ ಗೊತ್ತಾಗೋದು, ಚಕ್ರದ ಸದ್ದು ಇದ್ದಕ್ಕಿದ್ದಂಗೆ ಹತ್ರ ಬಂದು ಕಿವಿ ತುಂಬುತ್ತೆ, ಹೊರಗೆ ಬಂದ್ರೆ ದೂರ ಹೋಗುತ್ತೆ. ಪಾಪು ನನ್ನ ಕುತ್ತಿಗೆ ಹತ್ರ ಮುಖ ಇಟ್ಕೊಂಡು ಮಲಗಿದ್ದ, ಬಿಸಿ ಉಸಿರು ಬಂದು ಬಂದು ತಾಗ್ತಿತ್ತು. ಸದ್ದು ಹತ್ರ ಬಂತು, ದೂರ ಹೋಯ್ತು. ಮಿಡಲ್ ಬರ್ತಿಂದ ಇವ್ರು ಪಿಸುಗುಟ್ಟಿದ್ದು ಕೇಳಿಸ್ತು, "ನಲ್ವತ್ತೆರಡು."

ಕತ್ತಲಲ್ಲೇ ನಾನು ಆಮೆನ್ ಅಂದೆ.