ತೊಟ್ಟಿಯಲ್ಲಿ ಆಲ್ಪೈನ್ ಗಿಡ: ಬುಡ ಒಣಗಿರಲಿ

ಆಲ್ಪ್ಸ್ ಪರ್ವತದ ಎತ್ತರದಲ್ಲಿ, ಆಲ್ಪೈನ್ ಎಂದು ಕರೆಯುವ ಪರ್ವತದ ಗಿಡಗಳಾದ ಸ್ಯಾಕ್ಸಿಫ್ರೇಜ್, ಆಂಡ್ರೊಸೇಸ್‌ಗಳು ಚಳಿಗಾಲವಿಡೀ ಹಿಮದ ಹೊದಿಕೆಯಡಿ ನಿದ್ದೆ ಹೋಗಿರುತ್ತವೆ. ಅಲ್ಲಿ ಕೊರೆಯುವ ಚಳಿ ತಾಗದು, ಮಳೆಯೂ ಬೀಳದು. ಅದೇ ಗಿಡ ಬ್ರಿಟನ್ನಿನ ಹಿತ್ತಲಲ್ಲಿ ತಿಂಗಳುಗಟ್ಟಲೆ ಜಿನುಗು ಮಳೆಗೆ ನೆನೆದು ಬುಡ ಕೊಳೆಯುತ್ತದೆ. ಚಳಿಗೆ ಸತ್ತಿತೆಂದುಕೊಂಡು ಮುಂದಿನ ಗಿಡವನ್ನು ಮನೆಯೊಳಗಿಡುವವರು ಹಲವರು. ಹೀಟರ್ ಬಿಸಿಗೂ ಮಂದ ಬೆಳಕಿಗೂ ಅದು ಸೊರಗಿ ಜೋಲುತ್ತದೆ. ಬೆಂಗಳೂರಿನ ಬಾಲ್ಕನಿಯಲ್ಲೂ ಇವಕ್ಕೆ ಬೇಕಾದ ಚಳಿಗಾಲವಿಲ್ಲ. ಚಳಿಯೂರಿನಲ್ಲಿರುವವರೇ ಇದಕ್ಕೆ ಕೈಹಾಕಬೇಕು.

ನೆಲಕ್ಕಿಂತ ತೊಟ್ಟಿ ಮೇಲು. ಹಳೆಯ ಕಲ್ಲಿನ ಸಿಂಕ್‌ಗಳು ದುಬಾರಿ, ಹೈಪರ್‌ಟೂಫಾ ಎಂಬ ಕಲ್ಲಿನಂತೆ ಕಾಣುವ ಸಿಮೆಂಟ್ ಮಿಶ್ರಣದ ತೊಟ್ಟಿಯನ್ನು ನೀವೇ ಮಾಡಬಹುದು. ಅಳತೆ ಡಬ್ಬಿಯಲ್ಲಿ ಸಿಮೆಂಟ್ 1, ಒರಟು ಮರಳು 1, ಜರಡಿ ಹಿಡಿದ ಕೋಕೋಪೀಟ್ 2 ಪಾಲು. ಹಿಂಡಿದರೆ ಉಂಡೆ ನಿಂತು, ಒಂದೆರಡು ಹನಿ ಮಾತ್ರ ಬರುವಷ್ಟು ನೀರು. ಒಂದರೊಳಗೊಂದು ರಟ್ಟಿನ ಪೆಟ್ಟಿಗೆ ಇಟ್ಟು, ತಳಕ್ಕೂ ಸುತ್ತಲೂ 5 ಸೆಂ.ಮೀ. ದಪ್ಪ ಬರುವಂತೆ ಒತ್ತಿ ತುಂಬಿ. ತಳದಲ್ಲಿ ಹೆಬ್ಬೆರಳು ಗಾತ್ರದ ತೂತುಗಳಿರಲಿ. ಪ್ಲಾಸ್ಟಿಕ್ ಹೊದಿಸಿ, ಬೇಗ ಒಣಗಿದರೆ ಬಿರುಕು ಖಚಿತ. ಎರಡು ದಿನಕ್ಕೆ ಅಚ್ಚು ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ, ಮತ್ತೆ ಹೊದಿಸಿ ಕೆಲವು ವಾರ ಬಿಡಿ. ಗಿಡ ನೆಡುವ ಮುನ್ನ ಹಲವು ಸಲ ನೀರು ತುಂಬಿ ಚೆಲ್ಲಿ, ಸಿಮೆಂಟಿನ ಕ್ಷಾರ ಹೋಗಬೇಕು. ಕೈಗವಸು ಮರೆಯಬೇಡಿ.

ತುಂಬಲು ಜಾನ್ ಇನ್ಸ್ ನಂ. 2 (ಬ್ರಿಟನ್ನಿನಲ್ಲಿ ಸಿಗುವ ಸಿದ್ಧ ಕುಂಡದ ಮಣ್ಣು), ಎಲೆಗೊಬ್ಬರ, 3–6 ಮಿ.ಮೀ. ಜಲ್ಲಿ ಸಮಪಾಲು. ತಳಕ್ಕೆ ಜಲ್ಲಿಯ ಪದರ ಹಾಕುವ ಅಭ್ಯಾಸ ಬಿಟ್ಟುಬಿಡಿ. ನುಣ್ಣನೆಯ ಮಣ್ಣಿನಿಂದ ದೊಡ್ಡ ಸಂದಿಗಳಿಗೆ ನೀರು ಸುಲಭವಾಗಿ ಇಳಿಯದು. ಮೇಲಿನ ಮಣ್ಣಲ್ಲೇ ನಿಂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿಗೆ ಜಾಲರಿ, ತೊಟ್ಟಿಯಡಿ ಇಟ್ಟಿಗೆ ಸಾಕು.

ಕಲ್ಲುಗಳನ್ನು ಮೂರನೇ ಒಂದು ಭಾಗವಾದರೂ ಹೂತು, ಒಳಕ್ಕೆ ಓರೆಯಾಗಿ ನಿಲ್ಲಿಸಿದರೆ ಮಳೆನೀರು ಬೇರಿನತ್ತ ಹರಿಯುತ್ತದೆ. ಗಿಡದ ಕುತ್ತಿಗೆ (ಕಾಂಡ, ಬೇರು ಸೇರುವ ಜಾಗ) ಮಣ್ಣಿಗಿಂತ ತುಸು ಮೇಲಿರಲಿ, ಸುತ್ತ 2 ಸೆಂ.ಮೀ. ಜಲ್ಲಿ. ಲೆವಿಸಿಯಾ ಎಂಬ ಆಲ್ಪೈನ್ ಗಿಡವನ್ನಂತೂ ಕಲ್ಲುಸಂದಿಯಲ್ಲಿ ಅಡ್ಡ ಮಲಗಿಸಿಯೇ ನೆಡಬೇಕು; ನೆಟ್ಟಗಿದ್ದರೆ ಎಲೆಗಳ ನಡುವೆ ನೀರು ನಿಂತು ಸುಳಿ ಕೊಳೆಯುತ್ತದೆ. ಆಂಡ್ರೊಸೇಸ್‌ನಂಥ ರೋಮದೆಲೆಯ ಗಿಡಗಳಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮೇಲೊಂದು ಗಾಜು ಕಟ್ಟಿ, ಬದಿಗಳು ತೆರೆದೇ ಇರಲಿ.

ಒದ್ದೆಯಿಲ್ಲದೆಯೂ ಗಿಡ ಬಾಡಿದರೆ ಮೆಲ್ಲನೆ ಎಳೆದು ನೋಡಿ. ಬೇರಿಲ್ಲದೆ ಕೈಗೆ ಬಂದರೆ ಅದು ಬೇರು ತಿನ್ನುವ ಮರಿಗಳ ವೈನ್ ವೀವಿಲ್ ಎಂಬ ಜೀರುಂಡೆಯ ಕೆಲಸ. ಕಂದು ತಲೆಯ, ಬಾಗಿದ ಬಿಳಿ ಮರಿಹುಳುಗಳು ಮಣ್ಣಲ್ಲಿ ಸಿಗುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮಣ್ಣು ಇನ್ನೂ ಬೆಚ್ಚಗಿರುವಾಗ, ಇದಕ್ಕೆಂದೇ ಮಾರುವ, ಮರಿಹುಳುಗಳನ್ನು ಕೊಲ್ಲುವ ಸೂಕ್ಷ್ಮ ಹುಳುಗಳಾದ ನೆಮಟೋಡ್‌ಗಳನ್ನು ನೀರಲ್ಲಿ ಬೆರೆಸಿ ಹಸಿ ಮಣ್ಣಿಗೆ ಹುಯ್ಯಿರಿ.