ಗುಡ್ಡದ ಮೇಲಿನ ಒಟಿಪಿ

ಇವತ್ತು ಕಣಕುಂಬಿ ಹತ್ತಿರ ಕಾಕಾನ ಮನೆಯಲ್ಲಿದ್ದೆ. ಒಳಗೆ ನೆಟ್‌ವರ್ಕ್ ಸಿಗಲ್ಲ. ತಂಗಿ ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿಗೋಸ್ಕರ ಮಳೆಯಲ್ಲೇ ಗುಡ್ಡ ಹತ್ತಿದಳು. ಫೋನು ಪ್ಲಾಸ್ಟಿಕ್ ಚೀಲದೊಳಗೆ. ಚೀಲದ ಮೇಲಿಂದಲೇ ಬೆರಳಾಡಿಸುತ್ತಿದ್ದಳು, ಹನಿ ಬಿದ್ದಲ್ಲೆಲ್ಲ ತಪ್ಪು ಅಂಕಿ ಒತ್ತುತ್ತಿತ್ತು.

"ಆಕಾಶದಿಂದ ನೆಟ್ ಬರ್ತದಂತಲ್ಲೋ, ಅದನ್ನs ಹಚ್ಚಿಸೂಣೇನು?" ಅಂದರು ಕಾಕಾ.

ಬರುತ್ತದೆ, ಉಪಗ್ರಹದಿಂದ. ಆದರೆ ಡಿಶ್ಶಿಗೆ ತೆರೆದ ಆಕಾಶ ಬೇಕು. ಈ ಮನೆ ಸುತ್ತ ಬರೀ ಹಲಸು, ಮತ್ತಿ. ಜೋರು ಮಳೆ ಬಂದರೆ ಸಿಗ್ನಲ್ ಸೊರಗುತ್ತದೆ, ಇಲ್ಲಿ ನಾಲ್ಕು ತಿಂಗಳು ಮಳೆನೇ ಅಲ್ವಾ? ಹಳೇ ಪದ್ಧತಿಯ ಉಪಗ್ರಹ ಇರೋದು 35,786 ಕಿ.ಮೀ. ಎತ್ತರದಲ್ಲಿ. ಇಲ್ಲಿಂದ ಕೇಳಿ ಉತ್ತರ ಬರೋದಕ್ಕೆ ಅರ್ಧ ಸೆಕೆಂಡಾದರೂ ಬೇಕು. ಸ್ಟಾರ್‌ಲಿಂಕ್ ಅನ್ನೋ ಹೊಸ ಸೇವೆಯ ಉಪಗ್ರಹಗಳು ಸುಮಾರು 550 ಕಿ.ಮೀ.ಯಲ್ಲೇ ಸುತ್ತುತ್ತವೆ, ತಡ ಕಡಿಮೆ. ಆದರೆ ಒಂದೇ ಕಡೆ ನಿಲ್ಲಲ್ಲ, ಅದಕ್ಕೇ ಸಾವಿರಾರು ಬೇಕು. ಖರ್ಚು ಹುಟ್ಟೋದೇ ಅಲ್ಲಿ. ಮೇಲೆ ಡಿಶ್ಶಿನ ದುಡ್ಡು, ದಿನವಿಡೀ ಕರೆಂಟು.

ಗೋಡಂಬಿ ಮಾರಿ ಬದುಕೋ ಮನೆಗೆ ಇದು ಜಾಸ್ತಿನೇ. ಊರಿಗೆ ಒಂದು ಟವರ್ ಹಾಕಿದರೆ ಸಾಕಿತ್ತು.

ತಂಗಿ ನೆನೆದು ಇಳಿದು ಬಂದಳು. ಒಟಿಪಿ ಬಂತಂತೆ, ಟೈಮ್ ಮುಗಿದ ಮೇಲೆ. ನಾಳೆ ಅವಳ ಜೊತೆ ನಾನೂ ಹತ್ತುತ್ತೇನೆ, ಕೊಡೆ ಹಿಡಿಯೋಕೆ.