ಹುಣಸೆ ಎಲೆ ನೋಡಿ ನೆನಪಾದದ್ದು

ಇವತ್ತು ಬಾಗಲಕೋಟೆ ನವನಗರದಲ್ಲಿ ಬಸ್ಸಿಗೆ ಕಾಯುವಾಗ ಹುಣಸೆ ಎಲೆಯೊಂದು ಹೆಗಲ ಮೇಲೆ ಬಿತ್ತು. ನಡುವೆ ಸಣ್ಣ ದಂಟು, ಎರಡೂ ಕಡೆ ಸಾಲಾಗಿ ಪುಟ್ಟ ಪುಟ್ಟ ಎಲೆ.

ಹೆಚ್ಚುಕಮ್ಮಿ ಇದೇ ಆಕಾರದ ಪಾಚಿ ಬೆಚ್ಚನೆಯ ಸಮುದ್ರದಲ್ಲಿದೆ. ಕೌಲರ್ಪಾ ಟ್ಯಾಕ್ಸಿಫೋಲಿಯಾ. ಎಲೆಯಂಥದ್ದು, ಕಾಂಡದಂಥದ್ದು, ಬೇರಿನಂಥದ್ದು ಎಲ್ಲ ಇದೆ. ಮೀಟರ್‌ಗಿಂತ ಜಾಸ್ತಿ ಉದ್ದ ಹಬ್ಬುತ್ತದೆ. ಆದರೆ ಅಷ್ಟೂ ಸೇರಿ ಒಂದೇ ಜೀವಕೋಶ! ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್‌ಗಳು ಒಂದೇ ರಸದಲ್ಲಿ. ತುಂಡಾದರೆ ಗಾಯ ಬೇಗ ಮುಚ್ಚಿಕೊಳ್ಳುತ್ತದೆ, ಆ ತುಂಡೇ ಮತ್ತೆ ಚಿಗುರುತ್ತದೆ.

ನನ್ನ ಕೈಲಿದ್ದ ಎಲೆಯಲ್ಲೋ ಲಕ್ಷಗಟ್ಟಲೆ ಕೋಶ. ಅಷ್ಟೆಲ್ಲ ಕೋಶ ಹಂಚಿಕೊಂಡು ಮಾಡುವ ಕೆಲಸವನ್ನು ಒಂದೇ ಕೋಶ ಹೇಗೆ ಮಾಡುತ್ತೆ ಅಂತ ಅನ್ನಿಸುತ್ತೆ ಅಲ್ವಾ? 2015ರಲ್ಲಿ ವಿಜ್ಞಾನಿಗಳು ಆ ಪಾಚಿಯನ್ನು ಭಾಗ ಭಾಗವಾಗಿ ನೋಡಿದರು. ಬುಡದಿಂದ ತುದಿವರೆಗೆ, ಜಾಗಕ್ಕೆ ತಕ್ಕಂತೆ, ಜೀನ್‌ಗಳ ಸೂಚನೆ ಹೊತ್ತೊಯ್ಯುವ ಬೇರೆ ಬೇರೆ ಆರ್‌ಎನ್‌ಎ ಸೇರಿಕೊಂಡಿತ್ತು. ನಡುವೆ ಅಡ್ಡಗೋಡೆ ಇಲ್ಲದೆಯೇ!